ಬೆರಳ ಕೆಳಗಿನ ತೂತುಗಳು

ಕದಿರೇನಹಳ್ಳಿ,
ಬನಶಂಕರಿ ಎರಡನೇ ಹಂತ
೧೨ ಜೂನ್ ೨೦೨೪

ಪ್ರೀತಿಯ ಕಲ್ಯಾಣಿಗೆ ಅಮ್ಮನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರಾಮಾಗಿದ್ದೇವೆ. ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಅಂತ ನಿನಗೆ ಅನ್ನಿಸಬಹುದು. ನಿಮ್ಮ ವಸತಿ ಶಾಲೆಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ನಿಂತರೆ ಮಾತ್ರ ಸಿಗ್ನಲ್ಲು. ಅದು ಸಿಕ್ಕಾಗ ಇಲ್ಲಿ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಎರಡು ರೂಮಿನ ಮನೆಯಲ್ಲಿ ಅವರ ವಿಷಯವನ್ನು ಅವರ ಕಿವಿಗೆ ಬೀಳದ ಹಾಗೆ ಹೇಳುವುದು ಹೇಗೆ?

ಅವರ ಹರ್ನಿಯಾ ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಮಾರ್ಚಿನಲ್ಲಿ ಡಾಕ್ಟರ್ ರೇವಂತ್ ಹೇಳಿದ್ದು ನಿನಗೆ ನೆನಪಿರಬೇಕು. ಇಷ್ಟು ಕೆಮ್ಮಿದರೆ ಹಾಕಿದ ಹೊಲಿಗೆ ಕಿತ್ತುಬರುತ್ತದೆ, ಮೊದಲು ಸಿಗರೇಟು ಬಿಡಿ, ಆಮೇಲೆ ಡೇಟ್ ಕೊಡ್ತೀನಿ ಅಂದಿದ್ದರು. ಒಂದೇ ಸಲ ಬಿಡಲಾರೆ ಅಂತ ನಿಮ್ಮಪ್ಪ ನನ್ನ ಕೈ ಹಿಡಿದು ಮಾತು ಕೊಟ್ಟರು. ಹಳೆಯ ಸ್ಟ್ರಾಂಗ್ ಸಿಗರೇಟು ಬಿಟ್ಟು ಅಂಗಡಿಯವರು ಲೈಟ್ ಅನ್ನುತ್ತಾರಲ್ಲ, ಆ ಬಿಳಿ ಪ್ಯಾಕಿನದು ಮಾತ್ರ ಸೇದುತ್ತೇನೆ, ಅದೂ ಅರ್ಧಕ್ಕರ್ಧ ಕಡಿಮೆ ಮಾಡುತ್ತೇನೆ ಅಂದರು. ನಾನು ನಂಬಿದೆ.

ನಿನ್ನೆ ಮತ್ತೆ ಹೋಗಿದ್ದೆವು. ಬಾಯಿಗೆ ಕೊಳವೆ ಇಟ್ಟು ಊದಿಸುವ ಸಣ್ಣ ಮೆಷೀನು ಒಂದಿದೆ, ಹೊಗೆಯ ವಿಷ ಮೈಯಲ್ಲಿ ಎಷ್ಟಿದೆ ಅಂತ ತೋರಿಸುತ್ತದಂತೆ. ಮಾರ್ಚಿನಲ್ಲಿ ಬಂದ ನಂಬರಿಗೂ ನಿನ್ನೆ ಬಂದ ನಂಬರಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದಿಟ್ಟು ಕೇಳಿದರು:

“ಹನುಮಯ್ಯನವರೇ, ಇದು ಅರ್ಧ ಕಮ್ಮಿ ಮಾಡಿದೋರ ನಂಬರಲ್ಲ. ನಿಜ ಹೇಳಿ. ನಿಮ್ಮ ಒಳ್ಳೇದಕ್ಕೇ ಕೇಳ್ತಿರೋದು.”

“ನಿಜಾನೇ ಹೇಳ್ತಿದ್ದೀನಿ ಸಾರ್.”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. 

ಬೆಳಗಿನ ಕೆಮ್ಮು ಮೊದಲಿಗಿಂತ ಜೋರಾಗಿದೆ ಕಲ್ಯಾಣಿ. ವಾಶ್‌ಬೇಸಿನ್ನಿನಲ್ಲಿ ಕಪ್ಪು ಕಫ ನೋಡಿದ್ದೇನೆ. ಬೆಳಗ್ಗೆ ವಾಕಿಂಗ್ ಅಂತ ಗೆಳೆಯ ಪಿಳ್ಳಪ್ಪನ ಜೊತೆ ಹೋದರೆ ಬಿಸಿಲು ಏರಿದ ಮೇಲೆ ಬರುತ್ತಾರೆ. ಆ ಪಿಳ್ಳಪ್ಪನ ಜೇಬಿನಲ್ಲಿ ಯಾವಾಗಲೂ ಹಳೆಯ ಸ್ಟ್ರಾಂಗ್ ಪ್ಯಾಕೇ ಇರುತ್ತದೆ. ನನಗೆ ಅನುಮಾನ ಬರದೆ ಇನ್ನೇನು ಬರಬೇಕು? ನಿನಗೆ ಅವರು ಸುಳ್ಳು ಹೇಳುವುದಿಲ್ಲ. ನೀನು ಒಮ್ಮೆ ಕೇಳು. ನಾನು ಹೇಳಿದೆ ಅಂತ ಮಾತ್ರ ಬರೆಯಬೇಡ.

ನಿನ್ನ ಅಮ್ಮ,
ಅಣ್ಣಮ್ಮ


ವಸತಿ ಶಾಲೆ, ಕೂಡ್ಲಿಗಿ ತಾಲ್ಲೂಕು
೨೨ ಜೂನ್ ೨೦೨೪

ಅಪ್ಪನಿಗೆ ಕಲ್ಯಾಣಿಯ ನಮಸ್ಕಾರಗಳು.

ಶಾಲೆ ಶುರುವಾಗಿದೆ. ಈ ವರ್ಷ ಎಂಟನೇ ಕ್ಲಾಸಿನವರಿಗೂ ನಾನೇ ವಿಜ್ಞಾನ. ಲ್ಯಾಬಿನ ಬೀಗ ತುಕ್ಕು ಹಿಡಿದಿತ್ತು. ಪಿ.ಟಿ. ಮೇಷ್ಟ್ರು ಯುವರಾಜ್ ಸರ್ ಕಲ್ಲಿನಲ್ಲಿ ಒಡೆದು ಕೊಟ್ಟರು. ಇಲ್ಲಿ ಬಿಸಿಲೇ ಬಿಸಿಲು, ಇನ್ನೂ ಒಂದು ಹನಿ ಬಿದ್ದಿಲ್ಲ.

ಆಪರೇಷನ್ನಿನ ಡೇಟು ಏನಾಯಿತು? ಭಾರ ಎತ್ತಬೇಡಿ ಅಂದರೂ ಗ್ಯಾಸ್ ಸಿಲಿಂಡರ್ ನೀವೇ ತಳ್ಳುತ್ತೀರಿ ಅಂತ ಗೊತ್ತು. ಕೆಮ್ಮು ಹೇಗಿದೆ? ಸಿಗರೇಟು ಕಡಿಮೆಯಾಯಿತೇ ಅಪ್ಪ? ನಡುವೆ ಯಾವಾಗಲಾದರೂ ಹಳೆಯದನ್ನು ಸೇದಿದ್ದರೂ ನನಗೆ ಹೇಳಬಹುದು. ನಾನು ಬೈಯುವುದಿಲ್ಲ. ಗೊತ್ತಿದ್ದರೆ ಏನಾದರೂ ದಾರಿ ಹುಡುಕಬಹುದು ಅಂತ ಕೇಳಿದೆ, ಅಷ್ಟೇ.

ನಿಮ್ಮ ಮಗಳು,
ಕಲ್ಯಾಣಿ


ಕದಿರೇನಹಳ್ಳಿ
೧ ಜುಲೈ ೨೦೨೪

ಕಲ್ಯಾಣಿಗೆ,

ನಿನ್ನ ಕಾಗದ ಬಂತು. ಮಳೆ, ಬೀಗ, ಗ್ಯಾಸ್ ಸಿಲಿಂಡರ್ ಎಲ್ಲ ಬರೆದು ಕೊನೆಗೆ ಸಿಗರೇಟಿಗೆ ಬಂದಿದ್ದೀಯ. ನಾನು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ಲೈನ್ ನೋಡಿದವನು ಮಗಳೇ. ದನಿ ಈ ತುದಿಯಲ್ಲಿ ಕೇಳಿಸಿದರೂ ಅದು ಯಾವ ಮನೆಯಿಂದ ಬರುತ್ತಿದೆ ಅಂತ ನನಗೆ ತಿಳಿಯುತ್ತದೆ. ಇದು ನಿನ್ನಮ್ಮ ಬರೆಸಿದ ಕಾಗದ.

ಅವಳು ನನ್ನ ಅಂಗಿ ಒಗೆಯುವ ಮುಂಚೆ ಮೂಸಿ ನೋಡುವುದು ನನಗೆ ಗೊತ್ತು. ಬಾಗಿಲು ತೆರೆದಾಗ ಮೊದಲು ನನ್ನ ಬಾಯಿಯ ಕಡೆ ನೋಡುತ್ತಾಳೆ, ಆಮೇಲೆ ಮುಖದ ಕಡೆ. ಡಾಕ್ಟರ ಎದುರಿಗೆ ನನ್ನ ಪರವಾಗಿ ಒಂದು ಮಾತಾಡಲಿಲ್ಲ. ಇರಲಿ.

ಮಾರ್ಚಿನಿಂದ ಹಳೆಯ ಸಿಗರೇಟು ಮುಟ್ಟಿಲ್ಲ. ಲೈಟ್ ಒಂದೇ. ದಿನಕ್ಕೆ ಆರು, ಅದರ ಮೇಲೆ ಒಂದಿಲ್ಲ. ಅದರಲ್ಲಿ ಸುಖವೂ ಇಲ್ಲ. ಮೊದಲ ಸಲ ಸೇದಿದಾಗ ಒಡೆದ ಕೊಳವೆಯಲ್ಲಿ ಎಳನೀರು ಹೀರಿದ ಹಾಗಾಯಿತು, ಬರೀ ಗಾಳಿ. ಜೋರಾಗಿ ಎಳೆದರೆ ಮಾತ್ರ ಸ್ವಲ್ಪ ರುಚಿ. ಅಂಥದ್ದನ್ನು ಇಷ್ಟು ತಿಂಗಳು ಸಹಿಸಿಕೊಂಡು ಕೊನೆಗೆ ಸುಳ್ಳ ಅನ್ನಿಸಿಕೊಂಡೆ. ಆ ಮೆಷೀನು ಯಾಕೆ ಹಾಗೆ ತೋರಿಸಿತೋ ನನಗೆ ಗೊತ್ತಿಲ್ಲ. ಯಾರೂ ನಂಬದಿದ್ದರೆ ಬೇಡ. ನೀನು ನಂಬಿದರೆ ಸಾಕಾಗಿತ್ತು.

ಹನುಮಯ್ಯ


ಕದಿರೇನಹಳ್ಳಿ
೧೮ ಜುಲೈ ೨೦೨೪

ಪ್ರೀತಿಯ ಕಲ್ಯಾಣಿಗೆ,

ನಿಮ್ಮಪ್ಪ ಮನೆ ಬಿಟ್ಟು ಮಡಿವಾಳದ ಅವರ ಅಕ್ಕನ, ನಿನ್ನ ಅತ್ತೆಯ, ಮನೆಗೆ ಹೋಗಿದ್ದಾರೆ. ಅತ್ತೆ ನಿನಗೆ ಫೋನ್ ಮಾಡಿ ಅವರಿಗೆ ತೋಚಿದ ಹಾಗೆ ಹೇಳುವ ಮುಂಚೆ ನಡೆದದ್ದನ್ನು ನಾನೇ ಬರೆಯುತ್ತೇನೆ.

ಭಾನುವಾರ ಕೋಣನಕುಂಟೆಯಲ್ಲಿ ಪಿಳ್ಳಪ್ಪನ ಹೊಸ ಮನೆಯ ಪ್ರವೇಶ. ಬುದ್ಧ ವಿಹಾರದ ಬಂತೇಜಿ ಬಂದಿದ್ದರು. ಹಾಲಿನಲ್ಲಿ ಬುದ್ಧನ ಮುಂದೆ ದೀಪ ಹಚ್ಚಿ ಎಲ್ಲರೂ ಕೂತು ಪಂಚಶೀಲ ಹೇಳುತ್ತಿದ್ದೆವು. ಸುಳ್ಳು ಹೇಳುವುದಿಲ್ಲ ಎಂಬ ಶೀಲ ಬಂದಾಗ ನಿಮ್ಮಪ್ಪನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ನನಗೆ ಒಳಗೆ ಕುದಿಯಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಿಮ್ಮಪ್ಪ, ಪಿಳ್ಳಪ್ಪ ಇಬ್ಬರೂ ಕಾಣಲಿಲ್ಲ. ಮೇಲೆ ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಸೇದುತ್ತಿದ್ದಾರೆ. ನನ್ನನ್ನು ನೋಡಿ ನಿಮ್ಮಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ತಪ್ಪಿಲ್ಲದವರು ಕೈ ಯಾಕೆ ಮುಚ್ಚಿಟ್ಟುಕೊಳ್ಳಬೇಕು, ನೀನೇ ಹೇಳು.

ಕೆಳಗೆ ಬಂದ ಮೇಲೆ, ಎಲ್ಲರೂ ಇದ್ದ ಹಾಲಿನಲ್ಲಿ, ನಾನು ಪಿಳ್ಳಪ್ಪನ ಜೇಬಿಗೆ ಕೈ ಹಾಕಿ ಪ್ಯಾಕು ಹೊರಗೆ ತೆಗೆದೆ. ಹಳೆಯ ಸ್ಟ್ರಾಂಗ್ ಪ್ಯಾಕೇ.

“ಇದೇನ್ ಪಿಳ್ಳಪ್ಪ? ನೀನೇ ತಾನೇ ಇವ್ರಿಗೆ ಕೊಡ್ತಿರೋದು? ಸಾಯಿಸ್ಬೇಕು ಅಂತಿದ್ದೀಯಾ?”

“ಅಕ್ಕ, ಅದು ನಂದು. ಅಣ್ಣ ಅದನ್ನ ಮುಟ್ಟಿಲ್ಲ.”

“ನೀನೂ ಸುಳ್ಳು, ಅವ್ರೂ ಸುಳ್ಳು.”

ಅವನ ಬೀಗರು ನಿಂತಿದ್ದರು, ಸೊಸೆ ನಿಂತಿದ್ದಳು, ಬಂತೇಜಿಯೂ ಇದ್ದರು. ನಿಮ್ಮಪ್ಪ “ಸಾಕು ಅಣ್ಣಮ್ಮ” ಅಂದು ಚಪ್ಪಲಿ ಹಾಕಿಕೊಂಡು ಹೊರಟವರು ಮನೆಗೆ ಬರಲಿಲ್ಲ. ಸಂಜೆ ಮಡಿವಾಳದಿಂದ ನಿನ್ನ ಅತ್ತೆಯ ಫೋನ್ ಬಂತು. ಪಿಳ್ಳಪ್ಪನೂ ಆಮೇಲೆ ಈ ಕಡೆ ಸುಳಿದಿಲ್ಲ.

ನನ್ನ ಮಾತು ಹೆಚ್ಚಾಯಿತು ಅಂತ ನೀನೂ ಹೇಳುತ್ತೀಯ. ಆದರೆ ಸುಮ್ಮನೆ ಆಡಿದ ಮಾತಲ್ಲ. ನಮ್ಮ ಮನೆಯ ಟೆರೇಸಿನ ಕ್ರೋಟನ್ ಕುಂಡಗಳಲ್ಲಿ ಅವರು ಚುಚ್ಚಿಟ್ಟಿದ್ದ ಸಿಗರೇಟಿನ ಮೋಟುಗಳನ್ನೆಲ್ಲ ಆರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದ್ದೇನೆ. ನನ್ನ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಅದರಲ್ಲಿ ಹಳೆಯದು ಎಷ್ಟಿದೆ, ಹೊಸದು ಎಷ್ಟಿದೆ ಅಂತ ನೀನೇ ನೋಡು. ಆಮೇಲೆ ಯಾರದು ಸರಿ ಅಂತ ಹೇಳು.

ಅಮ್ಮ


ವಸತಿ ಶಾಲೆ, ಕೂಡ್ಲಿಗಿ ತಾಲ್ಲೂಕು
೩ ಆಗಸ್ಟ್ ೨೦೨೪

ಅಮ್ಮನಿಗೆ ನಮಸ್ಕಾರ.

ನಿನ್ನ ಕವರು ಆಫೀಸಿಗೆ ಬಂದ ದಿನ ಕ್ಲರ್ಕ್ ಮನೋಜ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, “ಮೇಡಂ, ಇದ್ರಲ್ಲಿ ಏನೋ ಸತ್ತೋಗಿದೆ” ಅಂದರು. ಉತ್ತರ ಬರೆಯಲು ತಡವಾಯಿತು. ಸುಮ್ಮನೆ ತಡ ಮಾಡಲಿಲ್ಲ. ನಿಧಾನವಾಗಿ ಓದು.

ಮೊದಲನೆಯದು, ಆ ಮೋಟುಗಳಲ್ಲಿ ಹಳೆಯ ಸಿಗರೇಟು ಒಂದೂ ಇಲ್ಲ. ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲದರ ಮೇಲೂ ಲೈಟ್ ಸಿಗರೇಟಿನ ಹೆಸರೇ ಇದೆ. ಅಪ್ಪ ಹೇಳಿದ್ದು ನಿಜ.

ಆದರೆ ಆ ಮೋಟುಗಳ ತುದಿ ನೋಡಿ ನನಗೂ ಅನುಮಾನ ಬಂತು. ಬಾಯಿಗೆ ಇಡುವ ಕಡೆ, ಫಿಲ್ಟರಿನ ಹತ್ತಿ ಅಂಚಿನಿಂದ ಅಂಚಿಗೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಇಲ್ಲಿ ಯುವರಾಜ್ ಸರ್ ಅದೇ ಸಿಗರೇಟು ಸೇದುತ್ತಾರೆ, ಕಾಂಪೌಂಡಿನ ಆಚೆ ಬೇವಿನ ಮರದ ಕೆಳಗೆ. ಅವರು ಎಸೆದ ಮೋಟುಗಳನ್ನು ಕೇಳಿ ತಂದೆ. ಅವರು ನನ್ನನ್ನು ನೋಡಿದ ರೀತಿ ಬಿಡು. ಅವರ ಮೋಟಿನಲ್ಲಿ ನಡುವೆ ಮಾತ್ರ ಕಂದು ಚುಕ್ಕೆ, ಸುತ್ತ ಬಿಳಿಯ ಉಂಗುರ. ಒಂದೇ ಸಿಗರೇಟು, ಎರಡು ಥರದ ಕಲೆ.

ಹೊಸ ಸಿಗರೇಟೊಂದರ ಫಿಲ್ಟರಿನ ಮೇಲಿನ ಕಾಗದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿಮೊನೆಗಿಂತ ಸಣ್ಣ ತೂತುಗಳು, ಸುತ್ತಲೂ ಸಾಲಾಗಿ. ಹಾಗೆ ನೋಡಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಲೈಟ್ ಅನ್ನಿಸಿಕೊಳ್ಳುವುದರ ಗುಟ್ಟು ಇಷ್ಟೇ ಅಮ್ಮ. ಒಳಗಿರುವ ಹೊಗೆಸೊಪ್ಪು ಸಾಧುವಾದದ್ದೇನಲ್ಲ. ಎಳೆದಾಗ ಈ ತೂತುಗಳಿಂದ ಹೊರಗಿನ ಗಾಳಿ ಒಳಗೆ ಸೇರಿ ಹೊಗೆ ತೆಳುವಾಗುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ಸಿಗರೇಟಿನಲ್ಲಿ ಟಾರು, ಅಂದರೆ ಹೊಗೆಯ ಅಂಟು ಕಿಟ್ಟ, ಎಷ್ಟು ಅಂತ ಅಳೆಯುವುದು ಮನುಷ್ಯರಿಂದ ಸೇದಿಸಿ ಅಲ್ಲ, ಒಂದು ಮೆಷೀನಿನಿಂದ ಸೇದಿಸಿ. ಅದು ತೂತುಗಳನ್ನು ಮುಚ್ಚದ ಹಾಗೆ ಸಿಗರೇಟನ್ನು ಹಿಡಿದು, ಪ್ರತಿಸಲವೂ ಒಂದೇ ಅಳತೆಯಲ್ಲಿ ಮೆಲ್ಲಗೆ ಎಳೆಯುತ್ತದೆ. ಲೆಕ್ಕ ಕಡಿಮೆ ಬರದೆ ಏನಾಗುತ್ತದೆ?

ನಾನೂ ಮಾಡಿ ನೋಡಿದೆ. ಮಕ್ಕಳು ಊಟಕ್ಕೆ ಹೋದ ಮೇಲೆ ಕಾಂಪೌಂಡಿನ ಹೊರಗೆ ಯುವರಾಜ್ ಸರ್ ಜೊತೆ ಕೂತು, ದಪ್ಪ ಸಿರಿಂಜಿಗೆ ಸಿಗರೇಟು ಸಿಕ್ಕಿಸಿ, ನಡುವೆ ಹತ್ತಿ ಇಟ್ಟು ಎಳೆದೆ. ತೂತು ಬಿಟ್ಟು ಎಳೆದಾಗ ಹತ್ತಿ ತಿಳಿ ಹಳದಿ. ತೂತಿನ ಮೇಲೆ ಟೇಪು ಸುತ್ತಿ ಅಷ್ಟೇ ಸಲ ಎಳೆದಾಗ ಹತ್ತಿ ಕಂದು.  ಅಪ್ಪನ ಬೆರಳೋ ತುಟಿಯೋ ಆ ತೂತುಗಳನ್ನು ಮುಚ್ಚುತ್ತಿದೆ. ಅದಕ್ಕೇ ಅವರ ಮೋಟಿನಲ್ಲಿ ಬಿಳಿಯ ಉಂಗುರವಿಲ್ಲ. ಅದರ ಮೇಲೆ ಜೋರಾಗಿ ಎಳೆಯುತ್ತಾರೆ, ಅವರೇ ಬರೆದಿದ್ದಾರೆ. ಸಿರಿಂಜಿಗೆ ಚಟವಿಲ್ಲ, ಅಪ್ಪನಿಗೆ ಇದೆ. ಆರು ಲೈಟ್ ಸಿಗರೇಟಿನಿಂದ ಅವರ ದೇಹ ಹಳೆಯ ಪಾಲನ್ನು ವಸೂಲಿ ಮಾಡಿಕೊಳ್ಳುತ್ತಿತ್ತು. ಡಾಕ್ಟರ ಮೆಷೀನು ತಪ್ಪು ತೋರಿಸಲಿಲ್ಲ. ಅಪ್ಪನೂ ಸುಳ್ಳು ಹೇಳಲಿಲ್ಲ.

ಪಿಳ್ಳಪ್ಪ ಮಾಮನ ವಿಷಯದಲ್ಲಿ ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ.

ನಿನ್ನ ಮಗಳು,
ಕಲ್ಯಾಣಿ


ಕದಿರೇನಹಳ್ಳಿ
೧೪ ಆಗಸ್ಟ್ ೨೦೨೪

ಕಲ್ಯಾಣಿಗೆ,

ನಿನ್ನ ಕಾಗದ ಓದಿ ಮೊದಲು ನನಗೆ ಬಂದದ್ದು ಸಿಟ್ಟು. ಚಿಕ್ಕಂದಿನಿಂದ ನೀನು ಅಪ್ಪನ ಮಗಳು. ಅಪ್ಪನನ್ನು ಬಚಾವ್ ಮಾಡಲು ತೂತು, ಸಿರಿಂಜು, ಉಂಗುರ ಅಂತ ಕಥೆ ಕಟ್ಟಿದ್ದೀಯ ಅಂದುಕೊಂಡೆ. ಎರಡು ದಿನ ಕಾಗದವನ್ನು ಅಕ್ಕಿ ಡಬ್ಬದ ಮೇಲೆ ಹಾಗೇ ಇಟ್ಟಿದ್ದೆ.

ಆಮೇಲೆ ಮೂಲೆಯ ಪೆಟ್ಟಿಗೆ ಅಂಗಡಿಗೆ ಹೋಗಿ ಬಿಳಿ ಪ್ಯಾಕಿನ ಲೈಟ್ ಸಿಗರೇಟು ಒಂದು ಕೊಡು ಅಂದೆ. ಅಂಗಡಿಯವನು “ಯಾರಿಗೆ ಆಂಟಿ?” ಅಂದ. “ನಂಗೇ ಕಣಪ್ಪ” ಅಂದೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರ ಬಾಯಿಂದ ಟೀ ಹೊರಗೆ ಬಂತು. ಮನೆಗೆ ತಂದು ಬಾಗಿಲು ಹಾಕಿಕೊಂಡು, ಉಗುರಿನಲ್ಲಿ ಆ ಕಾಗದ ಬಿಡಿಸಿ, ಮೊಬೈಲಿನ ಟಾರ್ಚ್ ಮೇಲೆ ಇಟ್ಟೆ.

ಇದೆ. ಚುಕ್ಕಿ ಚುಕ್ಕಿಯಾಗಿ ಬೆಳಕು ಬಂತು. ಕನ್ನಡಕ ಇಲ್ಲದೆಯೂ ಕಂಡಿತು.

 ಇಷ್ಟು ತಿಂಗಳು ನಾನು ಅವರ ಅಂಗಿ ನೋಡಿದೆ, ಬಾಯಿ ನೋಡಿದೆ, ಪಿಳ್ಳಪ್ಪನ ಜೇಬು ನೋಡಿದೆ. ಆ ಸಿಗರೇಟನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಲಿಲ್ಲ. ಲೈಟ್ ಅಂತ ಅದಕ್ಕೆ ಹೆಸರಿಟ್ಟವರನ್ನು ಒಂದು ದಿನವೂ ಅನುಮಾನಿಸಲಿಲ್ಲ.

ನಿನ್ನೆ ಕೋಣನಕುಂಟೆಗೆ ಹೋಗಿದ್ದೆ. ಪಿಳ್ಳಪ್ಪನ ಹೆಂಡತಿ ನೀರು ಕೊಟ್ಟಳು, ಕೂತ್ಕೊಳ್ಳಿ ಅಂದಳು, ಬೇರೆ ಮಾತಿಲ್ಲ. ಪಿಳ್ಳಪ್ಪ ಒಳಗಿನಿಂದ ಬಂದು ಬಾಗಿಲ ಹತ್ತಿರವೇ ನಿಂತ. ನನ್ನದು ತಪ್ಪಾಯಿತು ಅಂದೆ. ಸಿಗರೇಟಿನ ವಿಷಯವನ್ನೂ ನನಗೆ ತಿಳಿದಷ್ಟು ಹೇಳಿದೆ. ಎಲ್ಲ ಕೇಳಿಸಿಕೊಂಡ.

“ಬಂದು ಹೇಳಿದ್ರಲ್ಲ ಅಕ್ಕ, ಒಳ್ಳೇದು. ಆದ್ರೆ ಆವತ್ತು ಈ ಹಾಲಲ್ಲಿ ನಿಂತಿದ್ದ ಜನ ಯಾರೂ ಇವತ್ತು ಇಲ್ವಲ್ಲ.”

 ಬಸ್ಸು ಹತ್ತಿ ಬಂದೆ. ನಿಮ್ಮಪ್ಪನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ನೀನೇ ಅವರಿಗೆ ಬರೆ.

ಅಮ್ಮ


ಮಡಿವಾಳ
೨೭ ಆಗಸ್ಟ್ ೨೦೨೪

ಕಲ್ಯಾಣಿಗೆ,

ತೂತುಗಳ ಬಗ್ಗೆ ನೀನು ಬರೆದದ್ದನ್ನು ಅಕ್ಕನಿಗೂ ಓದಿ ಹೇಳಿದೆ. ಅವಳು “ನನ್ ತಮ್ಮ ಸುಳ್ ಹೇಳಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು” ಅಂದಳು. ಅವಳಿಗೂ ಗೊತ್ತಿರಲಿಲ್ಲ. ಹೋದ ತಿಂಗಳಷ್ಟೇ ನನ್ನ ಹಾಸಿಗೆ ಕೊಡವುವಾಗ ದಿಂಬಿನ ಒಳಗೆ ಕೈ ಹಾಕಿ ನೋಡಿದ್ದಳು.

ಸಿಗರೇಟನ್ನು ನಾನು ಹೇಗೆ ಹಿಡಿಯುತ್ತೇನೆ ಅಂತ ಕೇಳಿದ್ದೀಯ. ಕಂಬದ ಮೇಲೆ ಕಲಿತ ಹಿಡಿತ ಅದು. ಹೊಸೂರು ರಸ್ತೆಯ ಉದ್ದಕ್ಕೂ ಲೈನ್ ಎಳೆಯುವಾಗ ಬೊಮ್ಮನಹಳ್ಳಿಯ ಬಯಲಿನಲ್ಲಿ ಗಾಳಿಯೋ ಗಾಳಿ. ಸಿಗರೇಟಿನ ಬುಡವನ್ನು ಎರಡು ಬೆರಳಿನ ಸಂದಿಯ ಆಳದಲ್ಲಿ ಸಿಕ್ಕಿಸಿ, ಮುಷ್ಟಿ ಮಾಡಿ, ಆ ಮುಷ್ಟಿಯನ್ನೇ ಬಾಯಿಗೆ ಒತ್ತಿ ಎಳೆಯಬೇಕು. ಇಲ್ಲದಿದ್ದರೆ ಅರ್ಧ ಸಿಗರೇಟನ್ನು ಗಾಳಿಯೇ ಸೇದಿಬಿಡುತ್ತದೆ. ಬೇರೆ ಥರ ಹಿಡಿದದ್ದೇ ಇಲ್ಲ.

ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಲೈಟ್ ಸೇದಲು ಶುರು ಮಾಡಿದ ಮೇಲೆ ಬೆರಳನ್ನು ಇನ್ನೂ ಬಿಗಿಯಾಗಿ ಒತ್ತಿದರೆ ರುಚಿ ಬರುತ್ತದೆ ಅಂತ ನನ್ನ ಕೈಗೆ ತಿಳಿದಿತ್ತು. ಯಾಕೆ ಅಂತ ನನಗೆ ತಿಳಿದಿರಲಿಲ್ಲ. ನನ್ನ ಬೆರಳೇ ನನಗೆ ಹೇಳದೆ ಕಳ್ಳತನ ಮಾಡಿತೇ? ಹಾಗಾದರೆ ನಿನ್ನಮ್ಮನ ಅನುಮಾನ ಪೂರ್ತಿ ಸುಳ್ಳಾಗಿತ್ತೇ? ಯೋಚನೆ ಮಾಡಿದಷ್ಟೂ ಗೊಂದಲ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಇಷ್ಟು ವರ್ಷ ಜೊತೆಗಿದ್ದ ಮೇಲೂ ನಿನ್ನಮ್ಮ ನನ್ನ ಮಾತು ನಂಬಲಿಲ್ಲ. ನನ್ನ ಎಂಜಲು ಮೋಟಿನ ಮಾತು ನಂಬಿದಳು. ಈಗ ವಾಪಸ್ ಬನ್ನಿ ಅನ್ನುತ್ತಾಳಂತೆ. ನೋಡೋಣ.

ಇನ್ನು ಮುಂದೆ ತುದಿಯಲ್ಲಿ, ಉಗುರಿನಲ್ಲಿ ಹಿಡಿದ ಹಾಗೆ ಹಿಡಿದು ಸೇದುತ್ತೇನೆ. ಆಗ ತೂತು ಮುಚ್ಚುವುದಿಲ್ಲವಲ್ಲ. ಡಾಕ್ಟರ ಮೆಷೀನಿಗೂ ಸಮಾಧಾನವಾಗಬಹುದು.

ಹನುಮಯ್ಯ


ವಸತಿ ಶಾಲೆ, ಕೂಡ್ಲಿಗಿ ತಾಲ್ಲೂಕು
೩ ಸೆಪ್ಟೆಂಬರ್ ೨೦೨೪

ಅಪ್ಪನಿಗೆ,

ಹಾಗೆ ಮಾತ್ರ ಮಾಡಬೇಡಿ. ಇದನ್ನು ಬರೆಯಲೆಂದೇ ಊಟ ಬಿಟ್ಟು ಕೂತಿದ್ದೇನೆ.

ತೂತು ಬಿಟ್ಟು ಹಿಡಿದರೂ ಉಪಯೋಗವಿಲ್ಲ. ಯುವರಾಜ್ ಸರ್ ತುದಿಯಲ್ಲೇ ಹಿಡಿಯುತ್ತಾರೆ, ಅವರ ಮೋಟಿನಲ್ಲಿ ಬಿಳಿಯ ಉಂಗುರವೂ ಇದೆ. ಆದರೆ ಅವರು ಸೇದುವುದನ್ನು ಈಗ ಗಮನಿಸಿ ನೋಡಿದೆ. ಕೆನ್ನೆ ಒಳಕ್ಕೆ ಹೋಗುವಷ್ಟು ಎಳೆಯುತ್ತಾರೆ, ಹೊಗೆಯನ್ನು ಎದೆಯ ತಳದವರೆಗೆ ಇಳಿಸಿ ಹಿಡಿದಿಟ್ಟುಕೊಳ್ಳುತ್ತಾರೆ. ಪಿ.ಟಿ. ಮೇಷ್ಟ್ರಾಗಿ ಮೈದಾನವನ್ನು ಒಂದು ಸುತ್ತು ಓಡಿದರೆ ಕೂತುಬಿಡುತ್ತಾರೆ. ಹೊಗೆ ತೆಳುವಾದರೆ ದೇಹ ಇನ್ನೂ ಆಳಕ್ಕೆ ಎಳೆದುಕೊಳ್ಳುತ್ತದೆ ಅಪ್ಪ. ಅದಕ್ಕೆ ಬೇಕಾದಷ್ಟು ಸಿಗುವ ತನಕ ಬಿಡುವುದಿಲ್ಲ. ಹಗುರ ಅನ್ನಿಸುವ ಈ ಹೊಗೆ ಶ್ವಾಸಕೋಶದ ಇನ್ನೂ ಒಳಗಿನ ಮೂಲೆಗಳಿಗೆ ಇಳಿಯುತ್ತದೆ ಅಂತ ಓದಿ ನನಗೆ ಹೆದರಿಕೆಯಾಗಿದೆ.

ನೀವು ಕಳ್ಳತನ ಮಾಡಲಿಲ್ಲ. ನಿಮಗೆ ಮಾರಿದ್ದರಲ್ಲೇ ಮೋಸವಿತ್ತು. ಆ ಬಿಳಿ ಪ್ಯಾಕು ಇಲ್ಲದಿದ್ದರೆ ಮಾರ್ಚಿನಲ್ಲೇ ಪೂರ್ತಿ ಬಿಡುತ್ತಿದ್ದಿರೋ ಏನೋ. ಬಿಡಿಸಲು ಡಾಕ್ಟರ್ ರೇವಂತ್ ಅವರ ಆಸ್ಪತ್ರೆಯಲ್ಲೇ ಒಂದು ಕ್ಲಿನಿಕ್ ಇದೆಯಂತೆ, ಅಗಿಯಲು ಗಮ್ ಕೊಡುತ್ತಾರಂತೆ. ಒಬ್ಬರೇ ಹೋಗಿ. ಅಮ್ಮ ಬೇಡ, ಅತ್ತೆಯೂ ಬೇಡ. ಅಲ್ಲಿ ಯಾರ ಮುಖವನ್ನೂ ನೋಡುವ ಕಷ್ಟ ನಿಮಗೆ ಬೇಡ.

ಕಲ್ಯಾಣಿ


ಮಡಿವಾಳ
೧೮ ಸೆಪ್ಟೆಂಬರ್ ೨೦೨೪

ಕಲ್ಯಾಣಿಗೆ,

ಹೋಗಿ ಬಂದೆ. ಸೋಮವಾರದಿಂದ ಒಂದೂ ಸೇದಿಲ್ಲ. ಗಮ್ಮು ಮೆಣಸಿನ ಹಾಗೆ ಗಂಟಲು ಉರಿಸುತ್ತದೆ. ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ನಿನ್ನಮ್ಮನಿಗೆ ಹೇಳಬೇಡ. ಹೇಳಿದರೆ ಪರೀಕ್ಷೆ ಮಾಡಲು ಬರುತ್ತಾಳೆ.

ಹನುಮಯ್ಯ


ಜಯನಗರ, ಆಸ್ಪತ್ರೆಯಿಂದ
೨೦ ಅಕ್ಟೋಬರ್ ೨೦೨೪

ಪ್ರೀತಿಯ ಕಲ್ಯಾಣಿಗೆ ಅಮ್ಮನ ಆಶೀರ್ವಾದ.

ಅಪ್ಪನನ್ನು ನೋಡಿಕೊಂಡು ನೀನು ವಾಪಸ್ ಬಸ್ಸು ಹತ್ತಿದ ಮೇಲೆ ಇಲ್ಲಿ ಒಂದು ಸಂಗತಿ ನಡೆಯಿತು. ವಾರ್ಡಿನಲ್ಲಿ ಆರು ಮಂಚ, ಆರು ಮನೆಯವರ ಕಿವಿ. ಫೋನಿನಲ್ಲಿ ಹೇಳಲಾಗಲಿಲ್ಲ. ನಿಮ್ಮಪ್ಪ ನಿದ್ದೆ ಮಾಡುತ್ತಿದ್ದಾರೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆಪರೇಷನ್ನಿನ ಹೊಲಿಗೆ ಒಣಗುತ್ತಿದೆ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಅವತ್ತು ಮಡಿವಾಳದಿಂದ ಅವರನ್ನು ಆಂಬುಲೆನ್ಸಿನಲ್ಲಿ ತಂದಾಗ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ನಿನ್ನೆದುರೇ ಡಾಕ್ಟರು ಹೇಳಿದರಲ್ಲ, ಆ ಮಾತು ನನಗೆ ಇನ್ನೂ ಕೇಳಿಸುತ್ತಿರುತ್ತದೆ. ಜೂನಿನಲ್ಲೇ ನಾವು ಅವರನ್ನು ನಂಬಿ, ತಪ್ಪು ಎಲ್ಲಿದೆ ಅಂತ ಹುಡುಕಿದ್ದರೆ ಇಷ್ಟು ಆಗುತ್ತಿರಲಿಲ್ಲವೋ ಏನೋ. ಡಾಕ್ಟರ್ ರೇವಂತ್ ಕೂಡ ಒಂದು ದಿನ ಮಂಚದ ಹತ್ತಿರ ನಿಂತು, “ಲೈಟ್ ಅಂದಾಗ್ಲೇ ನಾನು ಕೇಳ್ಬೇಕಿತ್ತು, ಹೇಗ್ ಸೇದ್ತೀರಾ ಅಂತ” ಅಂದರು.  ಪಿಳ್ಳಪ್ಪ ಬಂದಿಲ್ಲ. ಸುದ್ದಿ ಮುಟ್ಟಿದೆ ಅಂತ ಗೊತ್ತು. ನಿಮ್ಮಪ್ಪ ಬಾಗಿಲ ಕಡೆ ನೋಡುವುದನ್ನು ನಾನು ನೋಡುತ್ತೇನೆ, ನೋಡದ ಹಾಗೆ ಇರುತ್ತೇನೆ.

ನಿನ್ನೆ ಬೆಳಗ್ಗೆ ಅವರು ಡ್ರಿಪ್ಪಿನ ಸ್ಟ್ಯಾಂಡು ತಳ್ಳಿಕೊಂಡು ಬಾತ್‌ರೂಮಿಗೆ ಹೋಗಿ ಬಂದು ಮಲಗಿದರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದಳು, ಹಿಂದೆಯೇ ಸೆಕ್ಯುರಿಟಿಯವನು. ಬಾತ್‌ರೂಮಿನಲ್ಲಿ ಸಿಗರೇಟಿನ ವಾಸನೆ ಬರುತ್ತಿದೆಯಂತೆ. ಇವರ ಕೇಸ್ ಶೀಟಿನಲ್ಲಿ ಸಿಗರೇಟು ಸೇದುವವರು ಅಂತ ದೊಡ್ಡದಾಗಿ ಬರೆದಿದೆ. ಎಲ್ಲರೂ ನಮ್ಮ ಮಂಚದ ಕಡೆ ತಿರುಗಿದರು.

“ಅಂಕಲ್, ನೀವೇ ತಾನೇ?”

ನಿಮ್ಮಪ್ಪ ಬಾಯಿ ತೆರೆಯುವ ಮುಂಚೆ ನಾನು ಎದ್ದು ನಿಂತೆ. “ಅವ್ರಲ್ಲ” ಅಂದೆ.

“ನೀವು ನೋಡಿದ್ರಾ ಆಂಟಿ?”

“ನೋಡಿಲ್ಲ. ಕೇಳ್ದೆ. ಇಲ್ಲ ಅಂದ್ರು.”

“ಎಲ್ಲಾ ಪೇಷೆಂಟೂ ಹಂಗೇ ಹೇಳೋದು ಆಂಟಿ.” ಅವಳು ಸೆಕ್ಯುರಿಟಿಯವನ ಕಡೆ ನೋಡಿದಳು. ಅವನು ಮಂಚದ ಕೆಳಗಿದ್ದ ಬಟ್ಟೆಯ ಬ್ಯಾಗಿಗೆ ಕೈ ಹಾಕಲು ಬಗ್ಗಿದ. ನಾನು ಬ್ಯಾಗನ್ನು ಕಾಲಿನಿಂದ ಒಳಕ್ಕೆ ತಳ್ಳಿ ಅದರ ಮುಂದೆ ನಿಂತೆ.

“ಅವ್ರು ಇಲ್ಲ ಅಂದ್ಮೇಲೆ ಮುಗೀತು. ಬೇಕಿದ್ರೆ ಡಾಕ್ಟರನ್ನ ಕರೀರಿ.”

ಅವಳು ಏನೋ ಗೊಣಗಿಕೊಂಡು ಮುಂದಿನ ವಾರ್ಡಿಗೆ ಹೋದಳು.  ಕೂತು ಗಂಜಿಯ ಡಬ್ಬದ ಮುಚ್ಚಳ ತೆಗೆದೆ. ನಿಮ್ಮಪ್ಪ ನನ್ನನ್ನೇ ನೋಡುತ್ತಿದ್ದರು.

“ಅಣ್ಣಮ್ಮ.”

“ಏನ್ರೀ?”

“ನೀನ್ ನನ್ನ ಕೇಳ್ಲೇ ಇಲ್ವಲ್ಲೇ.”

ಹೌದು. ನಾನು ಕೇಳಿರಲಿಲ್ಲ. ನಿನಗೆ ನಿಜ ಹೇಳುತ್ತೇನೆ ಕಲ್ಯಾಣಿ, ಸಿಸ್ಟರ್ ಎದುರು ನಿಂತು ಅಷ್ಟು ಗಟ್ಟಿಯಾಗಿ ಮಾತಾಡುವಾಗಲೂ ನನಗೇನೂ ಗೊತ್ತಿರಲಿಲ್ಲ. ಎದೆಯೊಳಗೆ ಆ ಹಳೆಯ ಹುಳು ಕೊರೆಯುತ್ತಲೇ ಇತ್ತು.

“ಈಗ ಕೇಳ್ತೀನಿ. ಸೇದಿದ್ರಾ?”

“ಇಲ್ಲ.”

“ಆಯ್ತು. ಬಾಯ್ ತೆಗೀರಿ, ಗಂಜಿ ಆರೋಗುತ್ತೆ.”

ಪೂರ್ತಿ ಡಬ್ಬ ಖಾಲಿ ಮಾಡಿದರು. ಮೂರು ತಿಂಗಳ ಮೇಲೆ ನನ್ನ ಕೈಯಿಂದ ಉಂಡದ್ದು. ಬ್ಯಾಗು ಮಂಚದ ಕೆಳಗೆ ಗೋಡೆಯ ಹತ್ತಿರ ಹಾಗೇ ಇದೆ. ನಾನು ತೆಗೆದು ನೋಡಿಲ್ಲ.

ನಿನ್ನ ಅಮ್ಮ,
ಅಣ್ಣಮ್ಮ